ಮೈಸೂರು ಎಕ್ಸ್‌ಪ್ರೆಸ್ ಓಡಿದ ದೂರ

ಮಂಡ್ಯದಿಂದ ಬೆಂಗಳೂರಿಗೆ ದಿನವೂ ಹೋಗಿ ಬರುವವರಿಗೆ ಚಾಮುಂಡಿ ಎಕ್ಸ್‌ಪ್ರೆಸ್ಸಿನ ಬೋಗಿ ಎಂದರೆ ಎರಡನೆಯ ಮನೆ. ಯಾರ ಜಾಗ ಯಾವುದು, ಕಿಟಕಿ ಯಾರದು, ಯಾರೆದುರು ರಾಜಕೀಯ ಎತ್ತಬಾರದು ಎಂಬುದೆಲ್ಲ ಅಲ್ಲಿ ಎಂದೋ ತೀರ್ಮಾನವಾಗಿರುತ್ತದೆ. 2024ರ ಜುಲೈನಲ್ಲಿ ಇಂಗ್ಲೆಂಡಿನ ವೇಗದ ಬೌಲರ್ ಜೇಮ್ಸ್ ಆಂಡರ್ಸನ್ ಲಾರ್ಡ್ಸ್‌ನಲ್ಲಿ ತಮ್ಮ ಕೊನೆಯ ಟೆಸ್ಟ್ ಆಡಿ ಮುಗಿಸಿದ್ದು ಒಂದು ಶುಕ್ರವಾರ. ಸೋಮವಾರ ಬೆಳಿಗ್ಗೆ ನಮ್ಮ ಬೋಗಿಯಲ್ಲಿ ಬೇರೆ ಮಾತಿರಲಿಲ್ಲ. 188 ಟೆಸ್ಟ್, 704 ವಿಕೆಟ್. ನಲವತ್ತೆರಡು ತುಂಬಲು ಕೆಲವೇ ದಿನ ಬಾಕಿ ಇದ್ದಾಗಲೂ ಚೆಂಡನ್ನು ಹೇಳಿದಂತೆ ಕೇಳಿಸುತ್ತಿದ್ದ ಮನುಷ್ಯ.

ಈ ದಾರಿಯಲ್ಲಿ ವೇಗದ ಬೌಲಿಂಗ್ ಕುರಿತ ಮಾತು ಎಲ್ಲಿ ಹೊರಟರೂ ಬಂದು ನಿಲ್ಲುವುದು ಒಂದೇ ಹೆಸರಿನ ಬಳಿ: ಮೈಸೂರು ಎಕ್ಸ್‌ಪ್ರೆಸ್ ಎಂದೇ ಹೆಸರಾದ ವೇಗಿ ಜಾವಗಲ್ ಶ್ರೀನಾಥ್. ಪಿಯು ಕಾಲೇಜಿನಲ್ಲಿ ಪಾಠ ಹೇಳುವ ಮೇಷ್ಟ್ರೊಬ್ಬರು, ರಾಮನಗರದಲ್ಲಿ ಇಳಿಯುವವರು, "ಏನೇ ಹೇಳಿ, ನಮ್ಮ ಶ್ರೀನಾಥ್‌ಗೆ ಅಂಥ ಪಿಚ್ ಸಿಕ್ಕಿದ್ದರೆ" ಎಂದು ಆರಂಭಿಸಿದರು. ಮೈಸೂರಿನಲ್ಲಿ ಹತ್ತಿದ್ದ ಐ.ಟಿ. ಹುಡುಗನೊಬ್ಬ ಮೊಬೈಲ್ ತೆಗೆದು ನೋಡಿದ. "67 ಟೆಸ್ಟ್, 236 ವಿಕೆಟ್, ಸರಾಸರಿ 30.49. ಮೂವತ್ತು ದಾಟಿದವರನ್ನು ದೊಡ್ಡ ವೇಗಿಗಳ ಸಾಲಿಗೆ ಸೇರಿಸುವುದಿಲ್ಲ ಸರ್." ಮೇಷ್ಟ್ರು ಮದ್ದೂರು ಬರುವವರೆಗೆ ಮಾತನಾಡಲಿಲ್ಲ.

ಹುಡುಗ ಹೇಳಿದ್ದು ಸುಳ್ಳಲ್ಲ. ಆದರೆ ಅವನು ಓದಿದ್ದು ಲೆಕ್ಕದ ಕೊನೆಯ ಸಾಲನ್ನು ಮಾತ್ರ. ಆಟಗಾರನೊಬ್ಬ ನಿವೃತ್ತನಾದಾಗ ನಾವೆಲ್ಲ ಮಾಡುವುದು ಅದನ್ನೇ. ಮೇಲಿನ ಸಾಲುಗಳಲ್ಲಿ ಏನಿರುತ್ತದೆ ಎಂಬುದನ್ನು ಅಂದು ರೈಲಿನ ಸದ್ದಿನಲ್ಲಿ ಬಿಡಿಸಿ ಹೇಳಲಾಗಲಿಲ್ಲ. ಇಲ್ಲಿ ಹೇಳಿ ನೋಡುತ್ತೇನೆ.

ಮೊದಲು ಸರಾಸರಿ. ಟೆಸ್ಟ್ ಪಂದ್ಯಗಳಲ್ಲಿ ಶ್ರೀನಾಥ್ 15,104 ಚೆಂಡು ಎಸೆದು, 7,196 ರನ್ ಕೊಟ್ಟು, 236 ವಿಕೆಟ್ ಪಡೆದರು. ರನ್ನನ್ನು ವಿಕೆಟ್‌ನಿಂದ ಭಾಗಿಸಿದರೆ 30.49. ಒಂದು ವಿಕೆಟ್‌ಗೆ ಎಷ್ಟು ರನ್ ಬೆಲೆ ತೆತ್ತರು ಎಂಬುದು ಇದರ ಅರ್ಥ. ಚೆಂಡನ್ನು ವಿಕೆಟ್‌ನಿಂದ ಭಾಗಿಸಿದರೆ 64. ಒಂದು ವಿಕೆಟ್‌ಗೆ ಎಷ್ಟು ಹೊತ್ತು ದುಡಿಯಬೇಕಾಯಿತು ಎಂಬುದನ್ನು ಅದು ಹೇಳುತ್ತದೆ. ಓವರಿಗೆ ಕೊಟ್ಟ ರನ್ 2.85, ಎದುರಾಳಿಯನ್ನು ಎಷ್ಟು ಬಿಗಿಹಿಡಿದರು ಎಂಬುದಕ್ಕೆ ಸಾಕ್ಷಿ. ಮೂರೂ ಬರೀ ಭಾಗಾಕಾರ. ಎದುರಿಗೆ ಯಾರಿದ್ದರು, ಪಿಚ್ ಹೇಗಿತ್ತು, ಚೆಂಡು ಹಳೆಯದೋ ಹೊಸದೋ, ಸ್ಲಿಪ್‌ನಲ್ಲಿ ಕ್ಯಾಚ್ ಕೈಜಾರಿತೋ ಎಂಬ ಪ್ರಶ್ನೆಗಳಿಗೆ ಭಾಗಾಕಾರದಲ್ಲಿ ಜಾಗವಿಲ್ಲ.

ನಮ್ಮ ಕಡೆಯವರಿಗೆ ಇದನ್ನು ತಿಳಿಸಲು ವಿಶ್ವೇಶ್ವರಯ್ಯ ನಾಲೆ ಸಾಕು. ನಾಲೆಯ ತಲೆಭಾಗದ ಗದ್ದೆಗೂ ಕೊನೆಭಾಗದ ಗದ್ದೆಗೂ ಒಂದೇ ನಾಲೆ, ಒಂದೇ ತಳಿಯ ಕಬ್ಬು. ತೂಕದ ದಿನ ಕಾರ್ಖಾನೆಯ ಚೀಟಿಯಲ್ಲಿ ಬರುವುದು ಟನ್ ಲೆಕ್ಕ ಮಾತ್ರ. ನೀರು ಎಷ್ಟು ದಿನ ತಡವಾಗಿ ಬಂತು ಎಂಬುದನ್ನು ಯಾರೂ ಅದರಲ್ಲಿ ಬರೆಯುವುದಿಲ್ಲ. ಕೊನೆಭಾಗದ ರೈತನ ಚೀಟಿಯನ್ನು ತಲೆಭಾಗದವನ ಚೀಟಿಯ ಪಕ್ಕದಲ್ಲಿಟ್ಟು, ಇವನಿಗೆ ಬೇಸಾಯ ಬರುವುದಿಲ್ಲ ಎಂದುಬಿಟ್ಟರೆ ಮಂಡ್ಯದಲ್ಲಿ ಒಬ್ಬರೂ ಒಪ್ಪುವುದಿಲ್ಲ. ತೊಂಬತ್ತರ ದಶಕದ ಭಾರತದಲ್ಲಿ ವೇಗದ ಬೌಲರ್ ಆಗಿದ್ದವರು ಕೊನೆಭಾಗದ ರೈತರು.

ನೀರು ಎಲ್ಲಿ ನಿಂತಿತು ಎಂಬುದು ಮುಂದಿನ ಪ್ರಶ್ನೆ. ಮೊದಲನೆಯದಾಗಿ ನೆಲದಲ್ಲೇ. ಹೊಸ ಚೆಂಡಿನ ನಡುವಿನ ಹೊಲಿಗೆಯನ್ನು ತುಸು ಓರೆಯಾಗಿಸಿ ಎಸೆದರೆ, ಹೊಲಿಗೆಯ ಬದಿಯಲ್ಲಿ ಗಾಳಿ ಕದಡುತ್ತದೆ. ಕದಡಿದ ಗಾಳಿ ಚೆಂಡಿನ ಮೈಗೆ ಹೆಚ್ಚು ದೂರ ಅಂಟಿಕೊಂಡು ಸಾಗುತ್ತದೆ. ನುಣುಪು ಬದಿಯ ಗಾಳಿ ಬೇಗ ಮೈಬಿಟ್ಟು ಹೋಗುತ್ತದೆ. ಈ ಹೆಚ್ಚುಕಡಿಮೆಯಿಂದ ಚೆಂಡು ಹೊಲಿಗೆ ತೋರುವ ಕಡೆಗೆ ವಾಲುತ್ತದೆ. ಅದೇ ಸ್ವಿಂಗ್. ಇದು ನಡೆಯಬೇಕಾದರೆ ಒಂದು ಬದಿ ಹೊಳೆಯುತ್ತಿರಬೇಕು. ಇಂಗ್ಲೆಂಡಿನ ಹಸಿರು ಮೈದಾನದಲ್ಲಿ ಡ್ಯೂಕ್ಸ್ ಚೆಂಡಿನ ಹೊಳಪು ಬಹಳ ಹೊತ್ತು ಉಳಿಯುತ್ತದೆ. ನಮ್ಮ ಒಣ ಮೈದಾನಗಳಲ್ಲಿ ಚೆಂಡು ಬೇಗನೆ ತರಚಿ ಬಣ್ಣಗೆಡುತ್ತದೆ. ಅಲ್ಲಿಂದ ಮುಂದೆ, ಚೆಂಡು ಸಾಕಷ್ಟು ಒರಟಾಗಿ ರಿವರ್ಸ್ ಸ್ವಿಂಗ್, ಅಂದರೆ ಎದುರು ದಿಕ್ಕಿನ ವಾಲಾಟ, ಶುರುವಾಗುವವರೆಗೆ, ವೇಗಿಗೆ ಗಾಳಿಯಿಂದ ಸಹಾಯವಿಲ್ಲ. (ಮೋಡ ಕವಿದರೆ ಸ್ವಿಂಗ್ ಹೆಚ್ಚು ಎಂದು ಆಟಗಾರರೆಲ್ಲ ಆಣೆ ಮಾಡಿ ಹೇಳುತ್ತಾರೆ. ವಿಜ್ಞಾನಿಗಳಲ್ಲಿ ಆ ಬಗ್ಗೆ ಇನ್ನೂ ಒಮ್ಮತವಿಲ್ಲ.)

ಪಿಚ್ಚಿನ ವಿಷಯವೂ ಅಷ್ಟೇ. ಮ್ಯಾಟ್ ಮೇಲೆ ಆಡಿ ಬೆಳೆದ ನಮ್ಮಂಥವರಿಗೆ ಇದು ಮೈಗೆ ತಿಳಿದ ಸಂಗತಿ. ಬಿಗಿಯಾಗಿ ಎಳೆದು ಮೊಳೆ ಹೊಡೆದ ಮ್ಯಾಟ್ ಮೇಲೆ ನನ್ನಂಥ ಸಾಧಾರಣ ಬೌಲರ್ ಹಾಕಿದ ಚೆಂಡೂ ಎದೆಮಟ್ಟಕ್ಕೆ ಏಳುತ್ತಿತ್ತು. ಅದೇ ಚೆಂಡನ್ನು ಮಣ್ಣಿನ ಪಿಚ್ಚಿನಲ್ಲಿ ಹಾಕಿದರೆ ಮೊಣಕಾಲನ್ನೂ ಮುಟ್ಟುತ್ತಿರಲಿಲ್ಲ. ಪುಟಿತವಿಲ್ಲದಿದ್ದರೆ ಬ್ಯಾಟಿನ ಅಂಚು ತಾಗಿದ ಚೆಂಡು ಸ್ಲಿಪ್‌ನವರ ಕೈ ಸೇರುವ ಮೊದಲೇ ನೆಲಕ್ಕೆ ಬೀಳುತ್ತದೆ. ಹಾಗಾಗಿ ಇಲ್ಲಿನ ವೇಗಿ ಹೆಚ್ಚಾಗಿ ನೆಚ್ಚಿಕೊಳ್ಳುವುದು ಎಲ್‌ಬಿಡಬ್ಲ್ಯು ಮತ್ತು ಬೌಲ್ಡ್ ಅನ್ನು. ಬಲಗೈ ಬ್ಯಾಟರ್‌ಗೆ ಬಿದ್ದ ಮೇಲೆ ಒಳನುಗ್ಗುವ ಚೆಂಡು ಶ್ರೀನಾಥ್ ಅವರಿಗೆ ಹುಟ್ಟಿನಿಂದ ಬಂದ ಆಸ್ತಿ. ಅರ್ಧ ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಪ್ಯಾಡಿಗೆ ಬಂದು ಬಡಿಯುವ ಆ ಚೆಂಡೇ ಅವರನ್ನು ಸತ್ತ ಪಿಚ್‌ಗಳಲ್ಲಿಯೂ ಜೀವಂತವಾಗಿಟ್ಟಿತು. 1996ರ ನವೆಂಬರಿನಲ್ಲಿ ಅಹಮದಾಬಾದಿನಲ್ಲಿ ದಕ್ಷಿಣ ಆಫ್ರಿಕಾಕ್ಕೆ ಗೆಲ್ಲಲು ಬೇಕಿದ್ದದ್ದು 170 ರನ್. ಸ್ಪಿನ್ನರ್‌ಗಳು ಗೆಲ್ಲಿಸುತ್ತಾರೆ ಎಂದು ಎಲ್ಲರೂ ಕಾದಿದ್ದಾಗ ಶ್ರೀನಾಥ್ 21 ರನ್‌ಗೆ 6 ವಿಕೆಟ್ ಪಡೆದರು. ಹ್ಯಾನ್ಸಿ ಕ್ರೋನಿಯೆ 48 ರನ್ ಹೊಡೆದು ಔಟಾಗದೆ ಉಳಿದರು, ಉಳಿದವರು ಹೊರನಡೆದರು, ತಂಡ 105ಕ್ಕೆ ಮುಗಿಯಿತು.

ನೀರು ನಿಂತ ಎರಡನೆಯ ಜಾಗ ಆಯ್ಕೆಯ ಕೋಣೆ. ಶ್ರೀನಾಥ್ ಮೊದಲ ಟೆಸ್ಟ್ ಆಡಿದ್ದು 1991ರ ನವೆಂಬರಿನಲ್ಲಿ, ಬ್ರಿಸ್ಬೇನ್‌ನಲ್ಲಿ. ಸ್ವದೇಶದಲ್ಲಿ ಮೊದಲ ಟೆಸ್ಟ್ ಆಡಿದ್ದು 1994ರ ನವೆಂಬರಿನಲ್ಲಿ, ವೆಸ್ಟ್ ಇಂಡೀಸ್ ಎದುರು. ನಡುವೆ ಮೂರು ವರ್ಷ. ಆ ಅವಧಿಯಲ್ಲಿ ಭಾರತ ಇಂಗ್ಲೆಂಡ್, ಜಿಂಬಾಬ್ವೆ, ಶ್ರೀಲಂಕಾ ಎದುರು ತವರಿನಲ್ಲಿ ಏಳು ಟೆಸ್ಟ್ ಆಡಿತು. ಮೂವರು ಸ್ಪಿನ್ನರ್, ಅವರ ಜೊತೆಗೆ ಕಪಿಲ್ ದೇವ್ ಮತ್ತು ಮನೋಜ್ ಪ್ರಭಾಕರ್ ಎಂಬುದು ಆಗಿನ ಸೂತ್ರ. ಕಪಿಲ್ ಆಗ ರಿಚರ್ಡ್ ಹ್ಯಾಡ್ಲಿಯ 431 ವಿಕೆಟ್‌ಗಳ ದಾಖಲೆಯ ಹಿಂದೆ ಬಿದ್ದಿದ್ದರು. 1994ರ ಫೆಬ್ರುವರಿಯಲ್ಲಿ ಅದನ್ನು ದಾಟಿದರು. ಇಡೀ ದೇಶ ಬೆಲೂನು ಹಾರಿಸಲು ಕಾದಿದ್ದ ಆ ದಿನಗಳಲ್ಲಿ, ದೇಶದ ಅತ್ಯಂತ ವೇಗದ ಬೌಲರ್ ಮೈದಾನದ ಹೊರಗಿದ್ದರು. ಕಪಿಲ್ ಅವರ ದಾಖಲೆಗೆ ನಾನೂ ಚಪ್ಪಾಳೆ ತಟ್ಟಿದವನೇ. ಆದರೆ ಇಪ್ಪತ್ತೆರಡರಿಂದ ಇಪ್ಪತ್ತೈದರವರೆಗಿನ ವಯಸ್ಸು ವೇಗಿಗೆ ಸಾಲ ಕೊಡುವ ವಯಸ್ಸಲ್ಲ. ಕಾಲು, ಸೊಂಟ, ಹೆಗಲು ಮೂರೂ ಹೇಳಿದ ಮಾತು ಕೇಳುವುದು ಆಗ ಮಾತ್ರ.

ಜೊತೆಗಾರನ ಸಂಗತಿಯನ್ನು ಅಭಿಮಾನಿಗಳು ಹೆಚ್ಚಾಗಿ ಮರೆಯುತ್ತಾರೆ. ಒಂದು ತುದಿಯಲ್ಲಿ ಒತ್ತಡ ಬಿದ್ದರೆ ವಿಕೆಟ್ ಇನ್ನೊಂದು ತುದಿಯಲ್ಲಿ ಬೀಳುತ್ತದೆ. ಆಂಡರ್ಸನ್‌ಗೆ ಸ್ಟುವರ್ಟ್ ಬ್ರಾಡ್ ಇದ್ದರು. ಒಟ್ಟಿಗೆ ಆಡಿದ ಟೆಸ್ಟ್‌ಗಳಲ್ಲಿ ಇಬ್ಬರೂ ಸೇರಿ ಸಾವಿರಕ್ಕೂ ಹೆಚ್ಚು ವಿಕೆಟ್ ಪಡೆದರು. ಶ್ರೀನಾಥ್‌ಗೆ ಸಿಕ್ಕವರು ಬೆಂಗಳೂರಿನ ವೆಂಕಟೇಶ್ ಪ್ರಸಾದ್. ಒಬ್ಬರ ಚೆಂಡು ಒಳಗೆ ಬರುತ್ತಿತ್ತು, ಇನ್ನೊಬ್ಬರ ಲೆಗ್ ಕಟರ್ ಹೊರಗೆ ಹೋಗುತ್ತಿತ್ತು. ಒಳ್ಳೆಯ ಜೋಡಿ, ಆದರೆ ಪ್ರಸಾದ್ ಆಡಿದ್ದು 33 ಟೆಸ್ಟ್ ಮಾತ್ರ. ಮೂರನೆಯ ವೇಗಿಯ ಜಾಗ ಬಾಡಿಗೆ ಮನೆಯಂತೆ, ಆಗಾಗ ಆಳು ಬದಲಾಗುತ್ತಿತ್ತು. ತವರಿನಲ್ಲಿ ಚೆಂಡು ಹಳತಾದೊಡನೆ ಅದು ಅನಿಲ್ ಕುಂಬ್ಳೆ ಕೈಗೆ ಹೋಗುತ್ತಿತ್ತು. ಹೋಗಬೇಕಾದದ್ದೂ ಅಲ್ಲಿಗೇ.

ಕುಂಬ್ಳೆ ಎಂದಾಗ ಒಂದು ಓವರ್ ನೆನಪಾಗುತ್ತದೆ. 1999ರ ಫೆಬ್ರುವರಿ 7, ದೆಹಲಿ. ಪಾಕಿಸ್ತಾನದ ಒಂಬತ್ತು ವಿಕೆಟ್‌ಗಳನ್ನೂ ಕುಂಬ್ಳೆ ಒಬ್ಬರೇ ಪಡೆದಿದ್ದರು. ಇನ್ನೊಂದು ತುದಿಯಿಂದ ಬೌಲ್ ಮಾಡಬೇಕಾಗಿದ್ದವರು ಶ್ರೀನಾಥ್. ಅವರು ವಿಕೆಟ್ ಬೀಳದಂತೆ ಚೆಂಡನ್ನು ಸ್ಟಂಪ್‌ಗಳಿಂದ ದೂರ ದೂರ ಹಾಕಿದರು. ಮುಂದಿನ ಓವರಿನಲ್ಲಿ ವಾಸಿಂ ಅಕ್ರಂ ಔಟಾದರು, ಕುಂಬ್ಳೆಗೆ ಹತ್ತೂ ದಕ್ಕಿದವು. ಗೆಳೆಯನಿಗಾಗಿ ಬೇಕೆಂದೇ ವ್ಯರ್ಥ ಮಾಡಿದ ಆ ಓವರಿನ ಚೆಂಡುಗಳು ಇಂದಿಗೂ ಶ್ರೀನಾಥ್ ಅವರ 15,104ರಲ್ಲಿ ಸೇರಿಕೊಂಡಿವೆ. ಐ.ಟಿ. ಹುಡುಗನ ಮೊಬೈಲಿನಲ್ಲಿ ಅವೂ ವಿಕೆಟ್ ಸಿಗದ ಚೆಂಡುಗಳೇ.

ಅದಾಗಿ ಎರಡು ವಾರ ತುಂಬುವ ಮೊದಲೇ ಕೋಲ್ಕತ್ತದ ಈಡನ್ ಗಾರ್ಡನ್ಸ್. ಒಬ್ಬ ವೇಗಿಯ ಬದುಕನ್ನು ಒಂದು ಪಂದ್ಯದಲ್ಲಿ ತೋರಿಸು ಎಂದರೆ ನಾನು ಇದನ್ನೇ ತೋರಿಸುತ್ತೇನೆ. ಮೊದಲ ದಿನ ಬೆಳಿಗ್ಗೆ ಪಾಕಿಸ್ತಾನ 26 ರನ್‌ಗೆ 6 ವಿಕೆಟ್ ಕಳೆದುಕೊಂಡಿತು. ಅಲ್ಲಿಂದ ಮೊಯಿನ್ ಖಾನ್ 70 ಹೊಡೆದು ತಂಡವನ್ನು 185ಕ್ಕೆ ಮುಟ್ಟಿಸಿದರು. ಶ್ರೀನಾಥ್‌ಗೆ 46ಕ್ಕೆ 5. ಎರಡನೆಯ ಇನಿಂಗ್ಸ್‌ನಲ್ಲಿ ಸಯೀದ್ ಅನ್ವರ್ ಔಟಾಗದೆ 188 ಹೊಡೆದರು; ಅದರ ನಡುವೆಯೇ ಶ್ರೀನಾಥ್ 86ಕ್ಕೆ 8 ವಿಕೆಟ್ ಪಡೆದರು. ಪಂದ್ಯದಲ್ಲಿ 132 ರನ್‌ಗೆ 13 ವಿಕೆಟ್. ಅವರ ಟೆಸ್ಟ್ ಬದುಕಿನಲ್ಲಿ ಒಂದೇ ಪಂದ್ಯದಲ್ಲಿ ಹತ್ತು ದಾಟಿದ್ದು ಅದೊಂದೇ ಸಲ. ಭಾರತ 46 ರನ್‌ಗಳಿಂದ ಸೋತಿತು. ಸಚಿನ್ ರನೌಟ್ ಆದ ಮೇಲೆ ಗದ್ದಲವಾಗಿ, ಜನರನ್ನು ಹೊರಗೆ ಕಳುಹಿಸಿ, ಖಾಲಿ ಮೆಟ್ಟಿಲುಗಳ ನಡುವೆ ಪಂದ್ಯ ಮುಗಿಸಬೇಕಾಯಿತು. ಆ ಟೆಸ್ಟ್ ಬಗ್ಗೆ ಕೇಳಿದರೆ ಜನ ಇಂದಿಗೂ ಹೇಳುವುದು ಶೋಯೆಬ್ ಅಖ್ತರ್ ಎರಡು ಚೆಂಡಿನಲ್ಲಿ ದ್ರಾವಿಡ್ ಮತ್ತು ಸಚಿನ್ ಅವರನ್ನು ಬೌಲ್ಡ್ ಮಾಡಿದ್ದನ್ನು. ಹದಿಮೂರು ವಿಕೆಟ್ ಪಡೆದವನನ್ನು ನೆನಪಿಸಿಕೊಡಬೇಕಾಗುತ್ತದೆ.

ಇದು ನಡೆದದ್ದು ಹೆಗಲಿನ ಶಸ್ತ್ರಚಿಕಿತ್ಸೆಯ ನಂತರ ಎಂಬುದು ಇನ್ನೂ ದೊಡ್ಡ ಸಂಗತಿ. ಹೆಗಲಿನ ಕೀಲನ್ನು ಆಳವಿಲ್ಲದ ತಟ್ಟೆಯ ಮೇಲಿಟ್ಟ ನಿಂಬೆಹಣ್ಣಿನಂತೆ ಊಹಿಸಿಕೊಳ್ಳಿ. ತೋಳಿನ ಮೂಳೆಯ ಗುಂಡುತಲೆ ಆ ತಟ್ಟೆಯಿಂದ ಜಾರದಂತೆ ಸುತ್ತಲಿಂದ ಹಿಡಿದಿರುವುದು ನಾಲ್ಕು ಸಣ್ಣ ಸ್ನಾಯುಗಳು. ಅವುಗಳ ಗುಂಪಿಗೆ ರೊಟೇಟರ್ ಕಫ್ ಎಂದು ಹೆಸರು. ತೋಳನ್ನು ಬೀಸುವಾಗ ದೊಡ್ಡ ಸ್ನಾಯುಗಳು ವೇಗ ಕೊಡುತ್ತವೆ. ಚೆಂಡು ಕೈಬಿಟ್ಟ ಮೇಲೆ ಬೀಸಿದ ತೋಳನ್ನು ತಡೆದು ನಿಲ್ಲಿಸುವ ಕೆಲಸದ ಬಹುಪಾಲು ಈ ಸಣ್ಣವುಗಳ ಪಾಲಿಗೆ ಬೀಳುತ್ತದೆ. ಸಾವಿರಾರು ಸಲ ಬ್ರೇಕ್ ಹಾಕಿದರೆ ಯಾವ ಬ್ರೇಕೂ ಸವೆಯುತ್ತದೆ. 1997ರಲ್ಲಿ ಶ್ರೀನಾಥ್ ಅವರದ್ದು ಕೈಕೊಟ್ಟಿತು. ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿತು, ತಿಂಗಳುಗಟ್ಟಲೆ ಆಟವಿಲ್ಲ. ಇಷ್ಟಾಗಿ ಮರಳಿ ಬಂದವರು ಈಡನ್‌ನಲ್ಲಿ ಹದಿಮೂರು ಪಡೆದರು.

ಹೊರೆಯ ಲೆಕ್ಕವನ್ನು ಇನ್ನೊಂದು ಬಗೆಯಲ್ಲಿ ಹಾಕಬಹುದು. ಏಕದಿನ ಪಂದ್ಯಗಳಲ್ಲಿ ಅವರು ಎಸೆದದ್ದು 11,935 ಚೆಂಡು. ಟೆಸ್ಟಿನದೂ ಸೇರಿದರೆ 27,039. ಒಂದು ಚೆಂಡಿಗೆ ಅಂದಾಜು 20 ಮೀಟರ್ ಓಟ ಎಂದುಕೊಂಡರೂ ಸುಮಾರು 540 ಕಿಲೋಮೀಟರ್. ಮೈಸೂರಿನಿಂದ ಬೆಂಗಳೂರಿಗೆ ಸುಮಾರು 140 ಕಿಲೋಮೀಟರ್ ಹಿಡಿದರೆ, ಎರಡು ಸಲ ಹೋಗಿ, ಎರಡನೆಯ ಸಲ ಮರಳುವಾಗ ಪಾಂಡವಪುರದ ಆಸುಪಾಸಿನಲ್ಲಿ ನಿಂತಷ್ಟು. ರೈಲಿನಲ್ಲಿ ಕುಳಿತಲ್ಲ, ಓಡಿ. ಪ್ರತಿ 20 ಮೀಟರಿಗೊಮ್ಮೆ ಜಿಗಿದು, ಮೈಭಾರದ ಹಲವು ಪಟ್ಟು ಹೊಡೆತವನ್ನು ಮುಂಗಾಲಿನ ಮೇಲೆ ತೆಗೆದುಕೊಂಡು. ಇದರಲ್ಲಿ ರಣಜಿ ಇಲ್ಲ, ಇಂಗ್ಲೆಂಡಿನ ಕೌಂಟಿ ಕ್ರಿಕೆಟ್ ಇಲ್ಲ. 1995ರ ಒಂದೇ ಹಂಗಾಮಿನಲ್ಲಿ ಗ್ಲಾಸ್ಟರ್‌ಷೈರ್‌ಗಾಗಿ ಅವರು 87 ವಿಕೆಟ್ ಪಡೆದಿದ್ದರು.

ಆಂಡರ್ಸನ್ ಟೆಸ್ಟ್‌ನಲ್ಲೇ ನಲವತ್ತು ಸಾವಿರಕ್ಕೂ ಹೆಚ್ಚು ಚೆಂಡು ಎಸೆದರಲ್ಲ ಎಂದು ಹುಡುಗ ಕೇಳಬಹುದು. ಹೌದು, ಅದೊಂದು ಅಚ್ಚರಿಯೇ. ಆದರೆ 2015ರ ನಂತರ ಅವರು ಏಕದಿನ ಪಂದ್ಯ ಆಡಲಿಲ್ಲ. ಇಂಗ್ಲೆಂಡ್ ಮಂಡಳಿ ಅವರ ದೇಹವನ್ನು ಟೆಸ್ಟ್‌ಗೆಂದೇ ಎತ್ತಿಟ್ಟಿತು. ಶ್ರೀನಾಥ್ ಅವರ ಕಾಲದಲ್ಲಿ ನಡೆದದ್ದು ಇದರ ತಲೆಕೆಳಗು. ಟೆಸ್ಟ್ ವರ್ಷಕ್ಕೆ ಸರಾಸರಿ ಆರು, ಏಕದಿನ ಹತ್ತೊಂಬತ್ತು. ಶಾರ್ಜಾ, ಸಿಂಗಪುರ, ಟೊರಾಂಟೊ ಎಂದು ಊರೂರು ತಿರುಗಿದ ಆ 229 ಏಕದಿನ ಪಂದ್ಯಗಳಲ್ಲಿ ಅವರು 315 ವಿಕೆಟ್ ಪಡೆದರು. ನಮ್ಮ ಬೋಗಿಯ ಮೇಷ್ಟ್ರಿಗೆ ಆ 315ಕ್ಕಿಂತ ಪ್ರಿಯವಾದದ್ದು ಒಂದು ಬ್ಯಾಟಿಂಗ್: 1996ರ ಅಕ್ಟೋಬರಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, 164ಕ್ಕೆ 8 ಆಗಿದ್ದಾಗ, ಕುಂಬ್ಳೆ ಜೊತೆ ನಿಂತು ಆಸ್ಟ್ರೇಲಿಯಾವನ್ನು ಸೋಲಿಸಿದ್ದು. ಸ್ವತಃ ಗದ್ದೆಗೆ ನೀರು ಕಟ್ಟಿದವರಂತೆ ಅದನ್ನು ವರ್ಣಿಸುತ್ತಾರೆ.

ಹಾಗೆಂದು ಎಲ್ಲವನ್ನೂ ಪಿಚ್ಚಿನ ತಲೆಗೆ ಕಟ್ಟುವುದು ಅಭಿಮಾನದ ಕಳ್ಳಲೆಕ್ಕ. ವಾಸಿಂ ಅಕ್ರಂ, ವಕಾರ್ ಯೂನಿಸ್ ಬೆಳೆದದ್ದೂ ಒಣ ನೆಲದಲ್ಲೇ. ಅವರ ಸರಾಸರಿ ಇಪ್ಪತ್ತನಾಲ್ಕರೊಳಗಿದೆ. ಪುಟಿತವಿದ್ದ ವಿದೇಶಿ ಪಿಚ್‌ಗಳಲ್ಲಿ ಶ್ರೀನಾಥ್ ಎಷ್ಟೋ ಸಲ ಚೆಂಡನ್ನು ತುಸು ಹಿಂದೆ ಕೆಡವಿದರು. ಬ್ಯಾಟರ್ ತಪ್ಪಿಸಿಕೊಂಡು ಕೈ ಕೊಡವುತ್ತಿದ್ದ, ನಾವು ಟಿವಿ ಮುಂದೆ ತಲೆಯ ಮೇಲೆ ಕೈಹೊತ್ತುಕೊಳ್ಳುತ್ತಿದ್ದೆವು. ಒಂದು ಗೇಣು ಮುಂದೆ ಬಿದ್ದಿದ್ದರೆ ಅಂಚು ತಾಗುತ್ತಿತ್ತು. ಅಕ್ರಂ, ಮೆಕ್‌ಗ್ರಾ, ಆಂಬ್ರೋಸ್ ಸಾಲಿಗೆ ಅವರನ್ನು ನಾನು ಸೇರಿಸುವುದಿಲ್ಲ. ಅವರನ್ನು ಇಟ್ಟು ನೋಡಬೇಕಾದ ಸಾಲು ಬೇರೆ. ಕಪಿಲ್ ದೇವ್ 29.64, ಇಶಾಂತ್ ಶರ್ಮಾ 32.40, ಜಹೀರ್ ಖಾನ್ 32.94. ಒಂದೇ ನಾಲೆಯ, ಒಂದೇ ಕೊನೆಭಾಗದ ಈ ಚೀಟಿಗಳ ನಡುವೆ 30.49 ತಲೆತಗ್ಗಿಸುವ ಅಂಕಿಯಲ್ಲ. ಜಸ್‌ಪ್ರೀತ್ ಬೂಮ್ರಾ ಅವರ ಸರಾಸರಿ ಇಪ್ಪತ್ತರ ಅಕ್ಕಪಕ್ಕದಲ್ಲಿದೆಯಲ್ಲ ಎಂದರೆ, ಅಂಥವರು ಹುಟ್ಟುವುದು ಅಪರೂಪ. ಅವರ ಕಾಲಕ್ಕೆ ನಾಲೆಯ ಹೂಳೂ ತುಸು ಎತ್ತಲಾಗಿದೆ.

ಇನ್ನು ನಿವೃತ್ತಿ. ಬ್ಯಾಟರ್‌ಗೆ ಕಣ್ಣು ಮಸುಕಾಗುವುದು ನಿಧಾನ; ವೇಗಿಯ ದೇಹ ಮೊದಲೇ ನೋಟಿಸ್ ಕೊಡುತ್ತದೆ. ಶ್ರೀನಾಥ್ 2002ರಲ್ಲಿ ಟೆಸ್ಟ್‌ಗೆ ವಿದಾಯ ಹೇಳಿದರು, ಗಂಗೂಲಿ ಅವರ ಒತ್ತಾಯಕ್ಕೆ ಮತ್ತೆ ಚೆಂಡು ಹಿಡಿದರು. 2003ರ ವಿಶ್ವಕಪ್‌ನಲ್ಲಿ ಜಹೀರ್, ನೆಹ್ರಾ ಎಂಬ ಇಬ್ಬರು ಹುಡುಗರಿಗೆ ಅಣ್ಣನಂತೆ ನಿಂತು ಭಾರತವನ್ನು ಫೈನಲ್‌ಗೆ ತಲುಪಿಸಿದ ಮೂವರಲ್ಲಿ ಒಬ್ಬರಾದರು. ಮಾರ್ಚ್ 23ರಂದು ಜೋಹಾನ್ಸ್‌ಬರ್ಗ್‌ನಲ್ಲಿ ಪಾಂಟಿಂಗ್ ಮನಬಂದಂತೆ ಬೀಸಿದರು. ಆಸ್ಟ್ರೇಲಿಯಾ 2 ವಿಕೆಟ್‌ಗೆ 359. ಶ್ರೀನಾಥ್ 10 ಓವರಿನಲ್ಲಿ 87 ರನ್ ಕೊಟ್ಟರು, ವಿಕೆಟ್ ಇಲ್ಲ. ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯ ಅದೇ. ಆಂಡರ್ಸನ್‌ಗೆ ಸಿಕ್ಕಂತೆ ಗೆದ್ದ ಪಂದ್ಯದ ಕೊನೆಗೆ ಎದ್ದು ನಿಂತು ಚಪ್ಪಾಳೆ ತಟ್ಟುವ ಮೈದಾನ ಸಿಗಲಿಲ್ಲ. ಮರಳಿ ಬರಬಾರದಿತ್ತು ಎಂದು ಮೈಸೂರಿನಲ್ಲಿ ಈಗಲೂ ವಾದಿಸುವವರಿದ್ದಾರೆ. ಬರದಿದ್ದರೆ ಆ ಫೈನಲ್ ಸಿಗುತ್ತಿತ್ತೇ ಎಂದು ನಾನು ಕೇಳುತ್ತೇನೆ. ಶ್ರೀಲಂಕಾವನ್ನು 109ಕ್ಕೆ ಉರುಳಿಸಿದ ಪಂದ್ಯದಲ್ಲಿ ನಾಲ್ಕು ವಿಕೆಟ್ ಪಡೆದವರಲ್ಲಿ ಅವರೂ ಒಬ್ಬರು.

ಇವನ್ನೆಲ್ಲ ಮುಂದಿನ ವಾರ ಅದೇ ಬೋಗಿಯಲ್ಲಿ ಹುಡುಗನಿಗೆ ಸ್ವಲ್ಪ ಸ್ವಲ್ಪವಾಗಿ ಹೇಳಿದೆ. ಅವನಿಗೆ ಶ್ರೀನಾಥ್ ಎಂದರೆ ಟಾಸ್ ಹೊತ್ತಿಗೆ ನಾಯಕರ ಪಕ್ಕದಲ್ಲಿ ನಿಲ್ಲುವ ಮ್ಯಾಚ್ ರೆಫರಿ; ಓಡಿ ಬಂದು ಜಿಗಿಯುವುದನ್ನು ನೋಡಿದವನೇ ಅಲ್ಲ. ಸರಾಸರಿ, ನಾಲೆ, ಹೆಗಲು ಎಲ್ಲವನ್ನೂ ಸುಮ್ಮನೆ ಕೇಳಿಸಿಕೊಂಡ. 540 ಕಿಲೋಮೀಟರ್ ಎಂದಾಗ ಮಾತ್ರ ಮೊಬೈಲ್ ತೆಗೆದು ಏನನ್ನೋ ಗುಣಿಸಿ ನೋಡಿದ.

"ನಿಮ್ಮ ಲೆಕ್ಕ ಅರ್ಧಕ್ಕೇ ನಿಂತಿದೆ ಸರ್" ಎಂದ. "ಪ್ರತಿ ಚೆಂಡಿಗೂ ಓಡಿದ ಮೇಲೆ, ಮತ್ತೆ ಅಷ್ಟೇ ದೂರ ನಡೆದು ವಾಪಸ್ ಹೋಗಬೇಕಲ್ಲವೇ?"

ಮೇಷ್ಟ್ರು ಆ ದಿನ ರಾಮನಗರದಲ್ಲಿ ಇಳಿಯುವಾಗ ಹುಡುಗನ ಬೆನ್ನು ತಟ್ಟಿ ಇಳಿದರು.